ಅತ್ತೆಯ ಕಣ್ಣಿಗೆ ತಕ್ಕ ಬೆಳಕು

ಶರಣಬಸಮ್ಮನವರ ಎಡಗಣ್ಣಿನ ಪೊರೆ ತೆಗೆಸಿ ಆರು ದಿನವಾಗಿತ್ತು. ರಾಯಚೂರಿನಲ್ಲಿ ಮಗಳ ಮನೆಯಲ್ಲಿದ್ದವರನ್ನು ಮಗ ಕಲ್ಲೇಶ ಆಪರೇಷನ್ನಿಗೆಂದು ಹೈದರಾಬಾದಿಗೆ ಕರೆತಂದು, ಮಣಿಕೊಂಡದ ತನ್ನ ಫ್ಲ್ಯಾಟಿನಲ್ಲಿ ಇರಿಸಿಕೊಂಡಿದ್ದ. ಕಣ್ಣು ಚೆನ್ನಾಗಿಯೇ ಮಾಯುತ್ತಿತ್ತು. ತೊಂದರೆ ಕೊಡುತ್ತಿದ್ದದ್ದು ಪಡಸಾಲೆಯ ದೀಪಗಳು.

ಫಾಲ್ಸ್ ಸೀಲಿಂಗಿನಲ್ಲಿ ನಾಲ್ಕು ಪುಟ್ಟ ದೀಪಗಳಿದ್ದವು. ಗೋಡೆಯ ಡಿಮ್ಮರ್ ಗುಂಡಿ ತಿರುಗಿಸಿದರೆ ಅವುಗಳ ಬೆಳಕು ಮೆತ್ತಗಾಗಬೇಕು. ಪೂರ್ತಿ ಬೆಳಕು ಶರಣಬಸಮ್ಮನವರ ಕಣ್ಣಿಗೆ ಚುಚ್ಚುತ್ತಿತ್ತು. ಕಡಿಮೆ ಮಾಡಿದರೆ ನಾಲ್ಕೂ ಪಟಪಟನೆ ಮಿನುಗಿ ತಲೆನೋವು ತರುತ್ತಿದ್ದವು. ಪೂರ್ತಿ ಆರಿಸಿದ ಒಂದು ಸಂಜೆ ಟೀಪಾಯಿಗೆ ಕಾಲು ಬಡಿದುಕೊಂಡಿದ್ದೂ ಆಯಿತು.

ಕಲ್ಲೇಶ ಎಲೆಕ್ಟ್ರಿಷಿಯನ್ನನನ್ನು ಎರಡು ಸಲ ಕರೆಸಿದ. ಮೊದಲ ಸಲ ಅವನು ಒಂದು ಬಲ್ಬ್ ಬದಲಿಸಿದ, ಎರಡನೆಯ ಸಲ ಡಿಮ್ಮರನ್ನೇ ಬದಲಿಸಿದ. ಮಿನುಗು ಹೋಗಲಿಲ್ಲ. ಮೂರನೆಯ ಸಲ ಫೋನ್ ಮಾಡಿದಾಗ, ಮನೆಯ ವೈರಿಂಗ್ ಎಲ್ಲ ಬದಲಿಸಬೇಕೆಂದು ತೆಲುಗಿನಲ್ಲಿ ಹೇಳಿ ಫೋನ್ ಇಟ್ಟುಬಿಟ್ಟ.

"ಕಲ್ಲೇಶಾ, ಕಾಚಿಗೂಡಕ್ಕ ಕರಕೊಂಡು ಹೋಗಿ ನನ್ನ ರೈಲು ಹತ್ತಿಸಿಬಿಡಪಾ. ರಾಯಚೂರಾಗ ಒಂದ ಟ್ಯೂಬ್‌ಲೈಟ್ ಐತಿ. ತನ್ನ ಪಾಡಿಗೆ ಸುಮ್ಮನ ಉರೀತೈತಿ," ಎಂದರು ಶರಣಬಸಮ್ಮ.

"ಬುಧವಾರ ಡಾಕ್ಟರು ಕಣ್ಣು ನೋಡೋದೈತಿ ಯವ್ವಾ. ಈಗ ಹೆಂಗ ಹೋಗ್ತಿ?" ಎಂದ ಕಲ್ಲೇಶ. ಅವನಿಗೆ ಬೇಜಾರಾಗಿತ್ತು.

ಅವನ ಹೆಂಡತಿ ವಿಜಯಶ್ರೀ ಪಟಾನ್‌ಚೆರುವಿನ ಒಂದು ಔಷಧ ಕಾರ್ಖಾನೆಯಲ್ಲಿ ಟೆಕ್ನೀಷಿಯನ್. ಶಾಖ, ಒತ್ತಡ ಅಳೆಯುವ ಮೀಟರುಗಳು ತಪ್ಪು ತೋರಿಸತೊಡಗಿದರೆ ಯಾಕೆಂದು ಹುಡುಕಿ ಸರಿಮಾಡುವುದು ಅವಳ ಕೆಲಸ. ಆ ವಾರ ಕಾರ್ಖಾನೆಯಲ್ಲಿ ತಪಾಸಣೆ ಇದ್ದುದರಿಂದ, ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ಸಾಕುಸಾಕಾಗಿರುತ್ತಿತ್ತು. ಭಾನುವಾರ ಬೆಳಿಗ್ಗೆ ಚಹಾ ಕುಡಿಯುತ್ತ ಗಂಡನನ್ನು ಕೇಳಿದಳು:

"ರೀ, ಅತ್ತಿಯವರು ಬರೂಕಿಂತ ಮೊದಲ ನಾವು ಈ ಲೈಟು ಸಣ್ಣ ಮಾಡಿದ್ದು ಯಾವಾಗ?"

"ಹೋದ ದೀಪಾವಳಿಗೆ. ಅವಾಗ ಛಲೋ ಇತ್ತಲ್ಲ."

"ಬಲ್ಬು ಯಾವಾಗ ಬದಲಿ ಮಾಡಿದ್ರಿ?"

"ಯುಗಾದಿ ಮುಂದ..." ಎಂದ ಕಲ್ಲೇಶನ ಮುಖ ಸಪ್ಪಗಾಯಿತು. ಹಳೆಯ ಬಲ್ಬುಗಳು ಭಾರೀ ಕಾಯುತ್ತವೆಂದು ತಾನೇ ಮೆಟ್ಟಿಲೇಣಿ ಹತ್ತಿ ಎಲ್‌ಇಡಿ ಹಾಕಿದ್ದ. ಬಂದ ನೆಂಟರಿಗೆಲ್ಲ ತೋರಿಸಿದ್ದ. "ಡಿಮ್ಮರಿಗೆ ನಡೀತಾವ ಅಂತ ಡಬ್ಬಿ ಮ್ಯಾಲೇ ಬರದೈತಿ. ಬೇಕಾದ್ರ ನೋಡು."

"ನಿಮ್ಮ ಬಲ್ಬಿಗೆ ನಾ ಏನೂ ಅಂದಿಲ್ರಿ. ಹಳೇವು ಒಗದೀರೇನು?"

ಒಗೆದಿರಲಿಲ್ಲ, ಅಟ್ಟದ ಮೇಲಿದ್ದವು. ವಿಜಯಶ್ರೀ ಮೇನ್ ಆಫ್ ಮಾಡಿ ಏಣಿ ಹತ್ತಿದಳು. ಕಲ್ಲೇಶ ಏಣಿ ಹಿಡಿದ. ಕಪ್ಪು ಕನ್ನಡಕದ ಶರಣಬಸಮ್ಮ ಕುರ್ಚಿಯಿಂದ, "ಹುಷಾರವ್ವ, ಬಿದ್ದೀ," ಎನ್ನುತ್ತಿದ್ದರು. ಒಂದು ದೀಪವನ್ನು ಕೆಳಗೆ ಎಳೆದು, ಆ ತೂತಿನೊಳಗೆ ಕೈಹಾಕಿ, ಸಾಬೂನಿನಷ್ಟು ದೊಡ್ಡದಾದ ಒಂದು ಡಬ್ಬಿಯನ್ನು ಹೊರಗೆಳೆದಳು. ಮನೆಯ ಕರೆಂಟನ್ನು ಹನ್ನೆರಡು ವೋಲ್ಟಿಗೆ ಇಳಿಸಿ ನಾಲ್ಕೂ ದೀಪಗಳಿಗೆ ಕೊಡುವ ಟ್ರಾನ್ಸ್‌ಫಾರ್ಮರ್ ಅದು. ಮೇಲಿನ ಧೂಳು ಒರೆಸಿ ಓದಿದವಳು ಅಲ್ಲೇ ನಕ್ಕಳು.

"ಸಿಕ್ತು ನೋಡ್ರಿ. ಈ ಡಬ್ಬಿಗೆ ಕಡಿಮಿ ಅಂದ್ರೂ ಐವತ್ತು ವ್ಯಾಟಿನ ಭಾರ ಬೇಕು. ಹಳೇ ಬಲ್ಬು ಒಂದೊಂದೂ ಐವತ್ತರದು. ನೀವು ಹಾಕಿದ್ದು ಐದೈದರವು, ನಾಲ್ಕೂ ಸೇರಿ ಇಪ್ಪತ್ತು. ಸಣ್ಣ ಮಾಡಿದ್ರ ಅದೂ ಇಲ್ಲ. ದೊಡ್ಡ ಗಿರಣ್ಯಾಗ ಒಂದು ಹಿಡಿ ಜೋಳ ಹಾಕಿದಂಗ."

ಕಲ್ಲೇಶನಿಗಿಂತ ಮೊದಲು ತಿಳಿದದ್ದು ಅವನ ತಾಯಿಗೆ. "ಹೌದಲ್ಲ! ಹಿಡಿ ಜೋಳಕ್ಕ ಗಿರಣಿ ಎಲ್ಲಿ ಬೀಸ್ತೈತಿ? ಬರೇ ಕಲ್ಲಿಗೆ ಕಲ್ಲು ತಿಕ್ಕಿ ಕಡಕಡ ಅಂತೈತಿ!"

"ಖರೇ ಅದನ ಏನು, ನೋಡೇಬಿಡೋಣು," ಎಂದು ವಿಜಯಶ್ರೀ ಒಂದು ಎಲ್‌ಇಡಿ ತೆಗೆದು ಅಲ್ಲಿ ಒಂದು ಹಳೆಯ ಬಲ್ಬ್ ಕೂರಿಸಿದಳು. ಪರದೆ ಎಳೆದು ಮೇನ್ ಹಾಕಿ ಗುಂಡಿ ತಿರುಗಿಸಿದಳು. ಬೆಳಕು ಒಂದಿಷ್ಟೂ ಅಲುಗದೆ ಮೆಲ್ಲಗೆ ಇಳಿಯಿತು. ನಂಬಿಕೆಯಾಗದೆ ಕಲ್ಲೇಶ ತಾನೇ ಐದಾರು ಸಲ ಏರಿಸಿ ಇಳಿಸಿದ.

"ಅಂದ್ರ ನನ್ನ ಬಲ್ಬಿಂದು ತಪ್ಪಿಲ್ಲ."

"ಇಲ್ರಿ. ಜೋಡಿ ಕೂಡಲಿಲ್ಲ ಅಷ್ಟ. ಹಳೇ ಬಲ್ಬು ಕಾಯ್ತೈತಿ, ಅದನ್ನ ಬರೇ ಪರೀಕ್ಷಾಕ್ಕ ಹಾಕೀನಿ. ಈ ಡಬ್ಬಿಗೆ ಬದಲಿ, ಎಲ್‌ಇಡಿಗೆ ಅಂತ ಮಾಡಿದ್ದು, ನಮ್ಮ ಡಿಮ್ಮರಿಗೆ ಹೊಂದೋದು ತರ್ರಿ."

ಕಾಚಿಗೂಡದಲ್ಲಿ ಹಾಸಿಗೆ–ದಿಂಬಿನ ಅಂಗಡಿ ಇಟ್ಟಿದ್ದ ಕಲ್ಲೇಶ, ಡಬ್ಬಿ ಮತ್ತು ಡಿಮ್ಮರಿನ ಫೋಟೋ ಹಿಡಿದು ಸೋಮವಾರ ಎಲೆಕ್ಟ್ರಿಕ್ ಸಾಮಾನು ಸಿಗುವ ಟ್ರೂಪ್ ಬಜಾರಿಗೆ ಹೋದ. ಮೂರು ಅಂಗಡಿ ತಿರುಗಿ ಹೊಂದುವಂಥದ್ದನ್ನೇ ತಂದ. ಸಂಜೆ ಬಸ್ಸಿಳಿದು ಬಂದ ವಿಜಯಶ್ರೀ ಮುಖ ತೊಳೆದು, ಅರ್ಧ ಗಂಟೆಯಲ್ಲಿ ಅದನ್ನು ಜೋಡಿಸಿ ಹಳೆಯ ಬಲ್ಬನ್ನು ತೆಗೆದಳು. ಈಗ ನಾಲ್ಕೂ ಎಲ್‌ಇಡಿಗಳೇ. ಗುಂಡಿ ಪೂರ್ತಿ ಇಳಿಸಿದರೂ ಒಂದೂ ಮಿನುಗಲಿಲ್ಲ.

ಶರಣಬಸಮ್ಮ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಸುತ್ತ ನೋಡಿದರು. ರೈಲಿನ ಮಾತು ಎತ್ತಲಿಲ್ಲ.

"ವಿಜಯಾ, ಇಲ್ಲಿ ಬಾರವ್ವ, ಕುಂಡ್ರು. ಫ್ಯಾಕ್ಟರ್ಯಾಗೂ ಹಿಂಗ ಹುಡುಕ್ತೀಯೇನು?"

ಮದುವೆಯಾದ ಒಂಬತ್ತು ವರ್ಷಗಳಲ್ಲಿ ಮನೆಯವರು ಯಾರೂ ಅವಳ ಕೆಲಸದ ಬಗ್ಗೆ ಹೀಗೆ ಕೇಳಿರಲಿಲ್ಲ. ಅವಳು ಅತ್ತೆಯ ಪಕ್ಕದಲ್ಲಿ ಕುಳಿತು, ಕಳೆದ ವಾರ ಒಂದು ಟ್ಯಾಂಕಿನ ಮೀಟರು ಎಲ್ಲರನ್ನೂ ಎರಡು ದಿನ ಸತಾಯಿಸಿದ ಕತೆ ಶುರುಮಾಡಿದಳು. ಕಲ್ಲೇಶ ಒಳಗೆ ಹೋಗಿ ರೊಟ್ಟಿ, ಎಣ್ಣೆಗಾಯಿ ಬಡಿಸಿಕೊಂಡು ಬಂದು ಇಬ್ಬರ ಕೈಗೂ ತಾಟು ಕೊಟ್ಟು, ತಾನೂ ಕೇಳಲು ಎದುರಿಗೆ ಕುಳಿತ.