ಮಂಕಿಯ ಗಾಳಿಗೆ ನಿಂತ ಸ್ಟ್ಯಾಂಡು

ಹಳದೀಪುರದಿಂದ ಹೊನ್ನಾವರಕ್ಕೆ ದಿನಾ ಸ್ಕೂಟರಿನಲ್ಲಿ ಹೋದರೂ ಪೂರ್ಣಿಮಾ ಆ ರಸ್ತೆಯನ್ನು ಸರಿಯಾಗಿ ನೋಡಿದವಳಲ್ಲ. ಕಣ್ಣೆದುರಿಗೆ ಗಂಡ ಯೋಗೇಶನ ಬೆನ್ನು, ಎಡ ಹೆಗಲಿಗೆ ಲೈಟಿನ ಚೀಲ, ಮಡಿಲಲ್ಲಿ ಅಡ್ಡಡ್ಡ ಮಲಗಿದ ಕ್ಯಾಮೆರಾ ಸ್ಟ್ಯಾಂಡು. ಹಿಂದಿನಿಂದ ಲಾರಿಯ ಹಾರ್ನ್ ಕೇಳಿದ ಕೂಡಲೇ ಆ ಸ್ಟ್ಯಾಂಡನ್ನು ನೆಟ್ಟಗೆ ನಿಲ್ಲಿಸಿ ಬಲಗೈಯಲ್ಲಿ ತಬ್ಬಿಕೊಳ್ಳಬೇಕು, ಲಾರಿ ಹೋದ ಮೇಲೆ ಮತ್ತೆ ಮಲಗಿಸಬೇಕು. ಹೆದ್ದಾರಿಯಲ್ಲಿ ಲಾರಿಗಳಿಗೇನು ಬರವೇ? ತಮ್ಮ ಫೋಟೊ ಸ್ಟುಡಿಯೋ ಮುಟ್ಟುವ ಹೊತ್ತಿಗೆ ಅವಳ ಅರ್ಧ ದಿನದ ಶಕ್ತಿ ಮುಗಿದಿರುತ್ತಿತ್ತು.

ಯೋಗೇಶ ಮದುವೆ, ಮುಂಜಿ, ಮನೆ ಒಕ್ಕಲುಗಳ ಫೋಟೊ ತೆಗೆಯುವವನು. ತೆಗೆಯುವುದು ಅವನು, ಹೊರುವುದು ಅವಳು. ಮೊದಮೊದಲು ಸಂಬಳದ ಆಳು ಸಿಗುವವರೆಗೆ ಅಂತ ಶುರುವಾದದ್ದು. ಆಳು ಬರಲೇ ಇಲ್ಲ, ಯಾಕೆಂದರೆ ಹುಡುಕಿದವರೇ ಇರಲಿಲ್ಲ. ಈಗ ಸುತ್ತಿನ ಮೂರು ತಾಲೂಕಿನ ಮದುವೆಮನೆಗಳಲ್ಲಿ ಅವಳಿಗೆ 'ಸ್ಟ್ಯಾಂಡಿನ ಅಕ್ಕ' ಅಂತಲೇ ಹೆಸರು. ಹೆತ್ತವರು ಆಸೆಪಟ್ಟು ಪೂರ್ಣಿಮಾ ಎಂದು ಇಟ್ಟದ್ದು ರೇಶನ್ ಕಾರ್ಡಿನಲ್ಲಿ ಕ್ಷೇಮವಾಗಿತ್ತು.

ಹೋದ ವರ್ಷದಿಂದ ಅವಳ ಬಲ ಭುಜ ಹಿಡಿದುಕೊಂಡಿತ್ತು. ಮೊದಲು ನೋವು, ಆಮೇಲೆ ಬಿಗಿತ. ಅಟ್ಟದ ಮೇಲಿನ ಡಬ್ಬಿಗೆ ಕೈ ಎಟುಕದಾಯಿತು. ಕೊನೆಗೆ ತನ್ನ ತಲೆ ತಾನು ಬಾಚಿಕೊಳ್ಳುವುದೂ ನಿಂತುಹೋಗಿ, ಮಗಳು ಅಂಕಿತಾ ಕಾಲೇಜಿಗೆ ಹೊರಡುವ ಗಡಿಬಿಡಿಯಲ್ಲಿ ಒಂದು ಜಡೆ ಎಳೆದು ಹೋಗುತ್ತಿದ್ದಳು. ಕುಮಟೆಯ ಡಾಕ್ಟರು ಕೈಯನ್ನು ಮೆಲ್ಲಗೆ ಎತ್ತಿ, ಇಳಿಸಿ, "ಭಾರ ಎತ್ತೂದು ಬಿಡ್ಬೇಕಮ್ಮ. ಹೀಗೇ ಎಳೀತಾ ಹೋದ್ರೆ ಈ ಕೈ ಮೇಲೆ ಬರೂದೇ ನಿಲ್ತದೆ, ಆಮೇಲೆ ನನ್ನ ಹತ್ರ ಬಂದು ಪ್ರಯೋಜನ ಇಲ್ಲ" ಎಂದಿದ್ದರು. ಅಷ್ಟು ಹೊತ್ತೂ ಯೋಗೇಶ ಆಸ್ಪತ್ರೆಯ ಹೊರಗೆ ಯಾರದೋ ನಿಶ್ಚಿತಾರ್ಥದ ಆಲ್ಬಮ್ಮಿನ ಬಗ್ಗೆ ಫೋನಿನಲ್ಲಿ ಮಾತಾಡುತ್ತಿದ್ದ. "ಎಂತ ಅಂದ್ರು?" ಅಂತ ಕೇಳಿದ. ಹೇಳಿದಳು. "ಆತು, ಹಾಗಾದ್ರೆ ಹಗುರದ ಸ್ಟ್ಯಾಂಡು ತಕಂಬ" ಎಂದು ಸ್ಕೂಟರು ಚಾಲೂ ಮಾಡಿದ.

ಸುಳ್ಳು ಹೇಳಬಾರದು, ಅವನು ಕೆಟ್ಟವನಲ್ಲ. ಕುಡಿತವಿಲ್ಲ, ಕೈ ಎತ್ತುವವನಲ್ಲ, ಮೀನು ತಾನೇ ತಂದು ತಾನೇ ಕೊಯ್ದು ಕೊಡುವವನು. ಆದರೆ ಕ್ಯಾಮೆರಾದ ಎದುರು ಇರುವುದೆಲ್ಲ ಅವನಿಗೆ ಕಾಣುತ್ತಿತ್ತು, ಹಿಂದೆ ಇರುವುದು ಕಾಣುತ್ತಿರಲಿಲ್ಲ. ಪೂರ್ಣಿಮಾ ಯಾವಾಗಲೂ ಹಿಂದೆ ಇರುವವಳು.

ಹಗುರದ ಸ್ಟ್ಯಾಂಡು ಅಂತ ಬಾಯಿಂದ ಬಂದದ್ದೇ ಅವನಿಗೆ ಅದೊಂದು ಹುಚ್ಚಾಯಿತು. ಊಟಕ್ಕೆ ಕೂತರೂ ಮೊಬೈಲಿನಲ್ಲಿ ಅದರದ್ದೇ ವಿಡಿಯೋ. ಅಲ್ಯೂಮಿನಿಯಮ್ಮೋ ಕಾರ್ಬನ್ನೋ, ಕಾಲು ಬಿಗಿಯಲಿಕ್ಕೆ ತಿರುಪೋ ಕ್ಲಿಪ್ಪೋ, ಮಡಚಿದರೆ ಎಷ್ಟುದ್ದ, ಬಿಡಿಸಿದರೆ ಎಷ್ಟೆತ್ತರ. ಪೂರ್ಣಿಮಾಳೂ ಕೇಳಿದಳು. ವರ್ಷಗಟ್ಟಲೆ ಅವಳು ಗಂಡನ ಮಾತನ್ನು ಅಷ್ಟು ಆಸೆಯಿಂದ ಕೇಳಿದ್ದಿಲ್ಲ.

ಹುಡುಕಾಟ ಕುಮಟೆಯಿಂದ ಶುರುವಾಯಿತು. ಹೆಣ್ಣು ನೋಡಲು ಹೋದವರ ಹಾಗೆ ಯೋಗೇಶ ಒಂದೊಂದೇ ಸ್ಟ್ಯಾಂಡನ್ನು ನಿಲ್ಲಿಸಿ, ಸುತ್ತ ಬಂದು, ತಲೆಯ ಮೇಲೆ ಅಂಗೈ ಇಟ್ಟು ಅಲ್ಲಾಡಿಸುತ್ತಿದ್ದ. ಹಗುರವಾಗಿದ್ದದ್ದು ಅಲ್ಲಾಡುತ್ತಿತ್ತು. ಅಲ್ಲಾಡದೇ ಇದ್ದದ್ದು ಭಾರವಾಗಿತ್ತು. "ಇದು ಗಟ್ಟಿ ಅದೆ ನೋಡು" ಎಂದು ಅವನು ಹಲ್ಲು ಬಿಟ್ಟಾಗಲೆಲ್ಲ ಅವಳ ಎದೆ ಧಸಕ್ಕೆನ್ನುತ್ತಿತ್ತು. ಅಂಗಡಿಯವನು ಅವನ ಮುಖ ನೋಡಿಯೇ ಮಾತಾಡುತ್ತಿದ್ದ. ಹೊರುವವರು ಯಾರು ಎಂದು ಯಾರೂ ಕೇಳಲಿಲ್ಲ, ಒಂದು ಸಲ ಎತ್ತಿ ನೋಡಮ್ಮ ಅಂತಲೂ ಹೇಳಲಿಲ್ಲ.

ಹೊನ್ನಾವರದಲ್ಲಿ ಎಂತದೂ ಸಿಗಲಿಲ್ಲ. ಕೊನೆಗೆ ಭಟ್ಕಳಕ್ಕೆ ಹೋದರು. ಪೇಟೆಯ ಒಳರಸ್ತೆಯಲ್ಲಿ ದುಬೈಯಿಂದ ಬಂದ ಸಾಮಾನು ಇಡುವ ಒಬ್ಬ ಸಾಯ್ಬರ ಅಂಗಡಿ. ಬಿಳಿ ಗಡ್ಡದ ಸಾಯ್ಬರು ಒಳಗಿನಿಂದ ಕರೀ ಚೀಲವೊಂದನ್ನು ತಂದು, ಅದರೊಳಗಿಂದ ಛತ್ರಿಯಷ್ಟೇ ಉದ್ದದ ಒಂದು ಕಟ್ಟನ್ನು ತೆಗೆದು ಮೇಜಿನ ಮೇಲಿಟ್ಟರು. ಬಿಡಿಸಿದರೆ ಯೋಗೇಶನ ಗದ್ದದವರೆಗೆ ಬಂತು.

ಅವನು ಕಾಲಿನ ಕ್ಲಿಪ್ಪು ನೋಡಿ ಮುಗಿಸಿದ ಕೂಡಲೇ ಪೂರ್ಣಿಮಾ ಕೇಳದೆಯೇ ಅದನ್ನು ಎತ್ತಿದಳು. ಮೊದಲು ಎಡಗೈಯಲ್ಲಿ, ಆಮೇಲೆ ಧೈರ್ಯ ಮಾಡಿ ಬಲಗೈಯಲ್ಲಿ. ಭುಜ ಏನೂ ಅನ್ನಲಿಲ್ಲ. ಅವಳಿಗೆ ಅಲ್ಲೇ ಅಂಗಡಿಯಲ್ಲಿ ಕಣ್ಣು ತುಂಬಿ ಬಂತು. ಬಂಗಾರದಂಗಡಿಯಲ್ಲೂ ಅವಳು ಒಂದು ವಸ್ತುವನ್ನು ಅಷ್ಟು ಬಯಸಿದ್ದಿಲ್ಲ.

ಯೋಗೇಶ ಅದನ್ನು ಇಸಿದುಕೊಂಡು, ನಿಲ್ಲಿಸಿ, ಅಂಗೈ ಇಟ್ಟು ಅಲ್ಲಾಡಿಸಿದ. "ಇದೆಂತ ಸಾಯ್ಬ್ರೆ, ನಡುಗ್ತದಲ? ನಂಗೆ ಬೀಚಿನ ಕೆಲಸ. ಅಲ್ಲಿ ಗಾಳಿ ಹ್ಯಾಂಗಿರ್ತದೆ ಗೊತ್ತಲ್ಲ."

"ಹಗುರ ಬೇಕಂದ್ರೆ ನಡುಕ ಸ್ವಲ್ಪ ಸಹಿಸ್ಕೊಳ್ಬೇಕು. ನಡುಕ ಬೇಡ ಅಂದ್ರೆ ಭಾರ ಹೊರಬೇಕು" ಎಂದರು ಸಾಯ್ಬರು. ಆಮೇಲೆ ನಡುಗಂಬದ ಅಡಿಯಲ್ಲಿದ್ದ ಕೊಕ್ಕೆ ತೋರಿಸಿದರು. "ಗಾಳಿ ಜೋರಿದ್ರೆ ಇದಕ್ಕೆ ಚೀಲ ತೂಗಹಾಕಿ."

"ಚೀಲ ತೂಗಾಡ್ತದೆ, ಅದ್ರ ಸಂಗ್ತಿಗೆ ಇದೂ ತೂಗಾಡ್ತದೆ" ಎಂದು ಯೋಗೇಶ ಸ್ಟ್ಯಾಂಡನ್ನು ಮಡಚತೊಡಗಿದ. ಆ ಮಾತೂ ಸುಳ್ಳಲ್ಲ. ಅವನ ಬೀಚಿನ ಫೋಟೊ ಅಂದರೆ ಸಾಮಾನ್ಯದ್ದಲ್ಲ: ಮದುವೆಯಾಗುವ ಜೋಡಿಯನ್ನು ನೀರಿನ ಅಂಚಿಗೆ ಕದಲದಂತೆ ನಿಲ್ಲಿಸಿ, ಕ್ಯಾಮೆರಾದ ಕಣ್ಣನ್ನು ಒಂದೆರಡು ಉಸಿರಿನಷ್ಟು ಹೊತ್ತು ತೆರೆದೇ ಇಡುತ್ತಾನೆ. ಅಲೆಗಳೆಲ್ಲ ಕಲಸಿಹೋಗಿ ಕಾಲಡಿಗೆ ಹಾಲು ಹರಿದ ಹಾಗೆ ಬರುತ್ತದೆ. ಜನ ಅದಕ್ಕೆಂದೇ ಅವನನ್ನು ಹುಡುಕಿಕೊಂಡು ಬರುತ್ತಾರೆ. ಆ ಹೊತ್ತಿನಲ್ಲಿ ಸ್ಟ್ಯಾಂಡು ಕೂದಲೆಳೆಯಷ್ಟು ಅಲ್ಲಾಡಿದರೂ ಗಂಡು ಹೆಣ್ಣು ಇಬ್ಬರೂ ಫೋಟೊದಲ್ಲಿ ಮಸುಕಾಗಿ ದೆವ್ವಗಳಾಗುತ್ತಾರೆ.

"ಬೇಡ ಸಾಯ್ಬ್ರೆ. ಹಳೇದೇ ಸೈ. ಭಾರ ಇದ್ರೂ ನಂಬ್ಲಕ್ಕು."

ಹಳೆಯದೇ ಎಂಬ ಮಾತು ಕೇಳಿ ಪೂರ್ಣಿಮಾಳ ಭುಜ ತಾನಾಗಿಯೇ ಜಗ್ಗಿತು. ಇಷ್ಟು ಹತ್ತಿರ ಬಂದದ್ದು ಕೈತಪ್ಪುವುದೆಂದರೆ ಅವಳಿಗೆ ತಡೆಯಲಾಗಲಿಲ್ಲ. "ಇದ್ನೇ ತಕಳಿ" ಎಂದಳು. "ಗಾಳಿ ಬಂದ್ರೆ ನಾ ಹಿಡ್ಕಳ್ತೆ."

ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದು ಅಂದರೆ ಇದೇ. ಸಾಯ್ಬರು ಒಂದು ಕ್ಷಣ ಅವಳನ್ನು ನೋಡಿದರು. ಏನೋ ಹೇಳಹೊರಟು, ಗಿರಾಕಿ ಮನೆಯ ಮಾತು ನಮಗ್ಯಾಕೆ ಎಂಬಂತೆ ಬಿಲ್ಲು ಬರೆಯಲು ಕೂತರು. ಯೋಗೇಶನ ಮುಖ ಅರಳಿತು. ವಾಪಸು ಬರುವಾಗ ದಾರಿಯುದ್ದಕ್ಕೂ ಸಿಳ್ಳೆ ಹಾಕಿದ.

ಮುಂದಿನ ವಾರವೇ ಮಂಕಿ ಊರಿನ ಬೀಚಿನಲ್ಲಿ ಕೆಲಸ ಬಂತು. ಹುಡುಗ ವಿಶಾಲ, ಹುಡುಗಿ ಧನ್ಯಾ, ಇಬ್ಬರೂ ಮೀನುಗಾರರ ಮನೆಯವರು. ಹುಟ್ಟಿದಾಗಿನಿಂದ ಅದೇ ಕಡಲು ನೋಡಿದವರು ಈಗ ಅದರ ಎದುರು ನಾಚಿಕೊಂಡು ನಿಂತಿದ್ದರು. ಹೊತ್ತು ಇಳಿಯುತ್ತಿದ್ದಂತೆ ಪಡುಗಾಳಿ ಎದ್ದಿತು. ಧನ್ಯಾಳ ಸೆರಗು ಹಾರಿತು, ಯೋಗೇಶನ ಟೋಪಿ ಹಾರಿತು, ಸ್ಟ್ಯಾಂಡು ನಡುಗಿತು. ಅವನು ಕೊಕ್ಕೆಗೆ ಚೀಲ ತೂಗಹಾಕಿ ನೋಡಿದ. ಅವನೇ ಹೇಳಿದ ಹಾಗೆ ಅದು ತೊಟ್ಟಿಲಿನಂತೆ ತೂಗಿತು.

"ಏ, ಹಿಡ್ಕ ಬಾ" ಎಂದ.

ಅವಳು ಮರಳಿನ ಮೇಲೆ ಮೊಣಕಾಲೂರಿ, ಗಾಳಿಗೆ ಬೆನ್ನು ಕೊಟ್ಟು, ಸ್ಟ್ಯಾಂಡಿನ ಎರಡು ಕಾಲುಗಳನ್ನು ಎರಡು ಕೈಯಲ್ಲಿ ಹಿಡಿದು ಮರಳಿಗೆ ಒತ್ತಿದಳು. "ಉಸಿರು ಬಿಡ್ಬೇಡಿ" ಎಂದು ಯೋಗೇಶ ಕೂಗಿದ. ಹೇಳಿದ್ದು ಜೋಡಿಗೆ, ಹಿಡಿದದ್ದು ಇವಳೂ. ಒಂದು ಫೋಟೊ, ಇನ್ನೊಂದು, ಸೂರ್ಯ ಇನ್ನೂ ಸ್ವಲ್ಪ ಇಳಿಯಲಿ, ಮತ್ತೊಂದು. ನೋವು ಭುಜದಿಂದ ಕುತ್ತಿಗೆಗೆ ಹತ್ತಿ, ಮೊಣಕೈಗೆ ಇಳಿದು, ಬೆರಳ ತುದಿಯಲ್ಲಿ ಕೂತಿತು. ಹೊತ್ತದ್ದಾದರೆ ಒಂದಷ್ಟು ದೂರ ಹೋಗಿ ಇಳಿಸಬಹುದಿತ್ತು. ಇದನ್ನು ಇಳಿಸುವ ಹಾಗಿರಲಿಲ್ಲ. ಅಂದು ಮಂಕಿಯಲ್ಲಿ ಸೂರ್ಯ ಹೇಗೆ ಮುಳುಗಿದನೋ ಅವಳಿಗೆ ಗೊತ್ತಿಲ್ಲ. ಅವಳು ನೋಡಿದ್ದು ಮರಳು, ಒಂದು ಏಡಿಯ ತೂತು, ತನ್ನ ಕೈಗಳು. ಎಲ್ಲ ಮುಗಿದಾಗ ಬಲಗೈ ಬೆರಳುಗಳು ತಾವಾಗಿ ಬಿಡಲಿಲ್ಲ. ಎಡಗೈಯಿಂದ ಒಂದೊಂದಾಗಿ ಬಿಡಿಸಿಕೊಂಡಳು.

ಯೋಗೇಶ ಕ್ಯಾಮೆರಾದ ಪರದೆಯೊಳಗೇ ಮುಳುಗಿದ್ದ. "ನೋಡೇ ಇಲ್ಲಿ, ಒಂದು ಚೂರೂ ಅಲ್ಲಾಡ್ಲಿಲ್ಲ. ಎಂಥಾ ಸ್ಟ್ಯಾಂಡು ಮಾರಾಯ್ತಿ, ಕೊಟ್ಟ ದುಡ್ಡು ಸಾರ್ಥಕ ಆತು."

ಮನೆಗೆ ಬಂದವನೇ ಫೋಟೊಗ್ರಾಫರುಗಳ ವಾಟ್ಸಾಪ್ ಗ್ರೂಪಿಗೆ ಆ ಫೋಟೊ ಹಾಕಿ, 'ಮಂಕಿಯ ಗಾಳಿಗೆ ನಿಂತ ಸ್ಟ್ಯಾಂಡು' ಎಂದು ಬರೆದ. ಹೆಬ್ಬೆರಳುಗಳ ಮಳೆ ಸುರಿಯಿತು. ಎಲ್ಲಿ ಸಿಕ್ತು, ಯಾವ ಕಂಪನಿ ಎಂದು ಕೇಳಿದವರಿಗೆಲ್ಲ ಭಟ್ಕಳದ ದಾರಿ ಹೇಳಿದ. ಪೂರ್ಣಿಮಾ ಬಿಸಿನೀರಿನ ಚೀಲಕ್ಕೆ ಭುಜ ಒತ್ತಿಕೊಂಡು ಮಗ್ಗುಲಾದಳು. ಸಿಟ್ಟು ಬರಬೇಕಿತ್ತು. ಬಂದದ್ದು ಬರೀ ಸುಸ್ತು.

ಕಾಯ್ಕಿಣಿಯ ಪ್ರದೀಪ ಹೊನ್ನಾವರದ ಸ್ಟುಡಿಯೋಕ್ಕೆ ಬಂದದ್ದು ಅದಾಗಿ ಸ್ವಲ್ಪ ದಿನಕ್ಕೆ. ಅವನೂ ಇದೇ ಕಸುಬಿನವನು, ಯೋಗೇಶನಿಗಿಂತ ಚಿಕ್ಕವನು, ಒಬ್ಬನೇ ಓಡಾಡಿ ಕೆಲಸ ಮಾಡುವವನು. ಬಗಲಲ್ಲಿ ಅಂಥದೇ ಕರೀ ಚೀಲ, ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಗಂಟು. ಗಂಟು ಬಿಚ್ಚಿ ಮೇಜಿನ ಮೇಲಿಟ್ಟ. ಅವನ ಕ್ಯಾಮೆರಾ. ಗಾಜು ಬಿರುಕು ಬಿಟ್ಟಿತ್ತು, ಸಂದಿಗೊಂದಿಯಲ್ಲೆಲ್ಲ ಮರಳು, ಉಪ್ಪುನೀರಿನ ಕಲೆ.

"ನೀ ಹೇಳಿದ್ದೇ ಸ್ಟ್ಯಾಂಡು, ಯೋಗೇಶಣ್ಣ. ಜೋಡಿಗೆ ನಿಲ್ಲೂಕೆ ಜಾಗ ತೋರ್ಸೂಕೆ ಅಂತ ನಾಕು ಹೆಜ್ಜೆ ಹೋಗಿದ್ದೆ. ಹಿಂದೆ ತಿರುಗೂದ್ರೊಳಗೆ ಮಗುಚ್ಕಂಡು ನೀರಲ್ಲಿ ಬಿದ್ದಿತ್ತು."

"ಕಾಲು ಸರಿ ಅಗಲ ಮಾಡ್ಲಿಲ್ಲೇನ?"

"ಮಾಡಿದ್ದೆ."

"ಮರಳಲ್ಲಿ ಊರಿದ್ಯ?"

"ಊರಿದ್ದೆ."

ಪ್ರದೀಪ ತನ್ನ ಸ್ಟ್ಯಾಂಡನ್ನು ಬಿಡಿಸಿ ಯೋಗೇಶನದರ ಪಕ್ಕಕ್ಕೆ ನಿಲ್ಲಿಸಿದ. ಅವಳಿಜವಳಿ. ಎರಡರ ತಲೆಯ ಮೇಲೂ ಒಂದೊಂದು ಕೈ ಇಟ್ಟು ಅಲ್ಲಾಡಿಸಿದ. ಎರಡೂ ಒಂದೇ ಸಮ ನಡುಗಿದವು. "ನಿಂದೂ ಅಲ್ಲಾಡ್ತದಲ, ಅಣ್ಣ. ಮಂಕೀಲಿ ಹ್ಯಾಂಗೆ ನಿಂತು ಮತ್ತೆ?"

ಪೂರ್ಣಿಮಾ ಮೂಲೆಯ ಕಂಪ್ಯೂಟರಿನಲ್ಲಿ ಆಲ್ಬಮ್ಮಿನ ಹಾಳೆ ಜೋಡಿಸುತ್ತಿದ್ದಳು. ಕೈ ನಿಂತಿತು. ತಾನೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಆ ಮಾತು ಅವನ ಬಾಯಿಂದ ಬರಬೇಕು ಎಂದು ಅವಳಿಗೆ ಒಮ್ಮೆಲೇ ಬಲವಾಗಿ ಅನಿಸಿತು.

ಯೋಗೇಶ ಬಾಯಿ ತೆರೆದ. ಗಾಳಿಯ ದಿಕ್ಕು ಅಂದ, ಮರಳಿನ ತೇವ ಅಂದ. ಆಮೇಲೆ ಸ್ಟ್ಯಾಂಡಿನ ತಲೆಯಿಂದ ಕಾಲಿನವರೆಗೆ ಕಣ್ಣಾಡಿಸಿದ. ಮೊದಲ ಸಲ ಆ ಸಂಜೆಯನ್ನು ಹಿಂದಿನಿಂದ ನೋಡುತ್ತಿರುವವನ ಹಾಗೆ ಹುಬ್ಬು ಗಂಟಿಕ್ಕಿದ.

"ಇವಳು ಹಿಡ್ಕಂಡಿದ್ಲು" ಎಂದ.

"ಎಷ್ಟೊತ್ತು?"

"ಮುಗಿಯೂವರೆಗೂ."

ಪ್ರದೀಪ ರೇಗಲಿಲ್ಲ. ರೇಗಿದ್ದರೆ ಚೆನ್ನಾಗಿತ್ತು. "ಅಷ್ಟು ಬರೆದಿದ್ರೆ ಸಾಕಿತ್ತಲ, ಅಣ್ಣ" ಎಂದ.

"ಮರ್ತೇ ಹೋಗಿತ್ತು ಮಾರಾಯ."

ಅದು ನೆವವಲ್ಲ ಎಂದು ಪೂರ್ಣಿಮಾಗೆ ಗೊತ್ತಿತ್ತು. ಅವನು ನಿಜವಾಗಿಯೂ ಮರೆತಿದ್ದ. ಸುಳ್ಳು ಹೇಳಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಯೋಗೇಶ ತನ್ನ ಇನ್ನೊಂದು ಕ್ಯಾಮೆರಾವನ್ನು ಕಪಾಟಿನಿಂದ ತೆಗೆದು ಪ್ರದೀಪನ ಕೈಗಿಟ್ಟು, ನಿಂದು ರಿಪೇರಿ ಆಗೂವರೆಗೂ ಇಟ್ಕ ಎಂದ. ಪ್ರದೀಪ ಬೇಡವೆನ್ನಲಿಲ್ಲ. ಮೆಟ್ಟಿಲಿಳಿಯುವ ಮೊದಲು ಪೂರ್ಣಿಮಾಳ ಕಡೆ ತಿರುಗಿ, "ಬರ್ತೆ ಅತ್ತಿಗೆ" ಎಂದು ಹೋದ.

ಯೋಗೇಶ ಸ್ಟ್ಯಾಂಡಿನ ಕಾಲುಗಳನ್ನು ಮಡಚಿದ, ಬಿಡಿಸಿದ, ಮತ್ತೆ ಮಡಚಿದ. "ಭಾನುವಾರ ಕುಮಟೆ ಬೀಚಲ್ಲಿ ಒಂದು ಕೆಲಸ ಒಪ್ಕಂಡಿದ್ದೆ" ಎಂದ, ಅವಳಿಗೋ ತನಗೋ ತಿಳಿಯದ ಹಾಗೆ.

"ನಾ ಬರೂದಿಲ್ಲ" ಎಂದಳು ಪೂರ್ಣಿಮಾ. ಧ್ವನಿ ಏರಿಸಲಿಲ್ಲ. "ಹೊರೂಕೂ ಇಲ್ಲ, ಹಿಡಿಯೂಕೂ ಇಲ್ಲ. ನಂಗೆ ಸಾಕಾತು. ನನ್ನ ಕೈ ಹೋಗ್ತಾ ಅದೆ."

ಅವನು ಸ್ಟ್ಯಾಂಡನ್ನು ಕೆಳಗಿಟ್ಟ. ಬಹಳ ಹೊತ್ತು ಅವಳ ಎರಡು ಕೈಗಳನ್ನೂ ಒಂದಾದ ಮೇಲೊಂದು ನೋಡಿದ. ನೋಡಿ ಗೊತ್ತಾಗಲಿಲ್ಲ.

"ಯಾವ ಕೈಯೇ?" ಎಂದು ಮೆಲ್ಲಗೆ ಕೇಳಿದ.

ವರ್ಷವಿಡೀ ಅವನ ಬೆನ್ನ ಹಿಂದೆಯೇ ಕೂತು ನರಳಿದ ಕೈ. ಅವಳ ನಾಲಿಗೆಯ ತುದಿಗೆ ಬಂದ ಮಾತಿಗೆ ಲೆಕ್ಕವಿರಲಿಲ್ಲ. ಆದರೆ ಬೈಯಲಿಕ್ಕೂ ತ್ರಾಣ ಬೇಕು. ಅವನ ಮುಖ ನೋಡಿದಳು. ಗೊತ್ತಿಲ್ಲದ್ದಕ್ಕೆ ಹೆದರಿದವನ ಮುಖ ಅದು. ಕುರ್ಚಿಯನ್ನು ಅವನ ಕಡೆಗೆ ತಿರುಗಿಸಿಕೊಂಡು, ಬಲಗೈಯನ್ನು ಮೆಲ್ಲಗೆ ಎತ್ತತೊಡಗಿದಳು. ಅದು ಎದೆಯ ಮಟ್ಟಕ್ಕೆ ಬಂತು, ಸ್ವಲ್ಪ ನಡುಗಿತು, ಭುಜದ ಮಟ್ಟ ಮುಟ್ಟುವ ಮೊದಲೇ ನಿಂತುಬಿಟ್ಟಿತು.

"ಇಷ್ಟೇ ಬರೂದು" ಎಂದಳು.