ಇಳಿಯುವ ದಾರಿ

ಆರು ವರ್ಷದ ಮೇಲೆ ದೇಶಕ್ಕೆ ಕಾಲಿಟ್ಟವಳಿಗೆ ಮೈದುನ ಮೊದಲು ತೋರಿಸಿದ್ದು ರಸ್ತೆ. ಪ್ರಯಾಣ ಹೇಗಿತ್ತು ಎಂದು ಕೇಳಲಿಲ್ಲ. ಸತ್ತ ಅಣ್ಣನ ಮಾತಂತೂ ಎತ್ತಲೇ ಇಲ್ಲ. ವಿಮಾನ ನಿಲ್ದಾಣದಿಂದ ಹೊರಬಿದ್ದದ್ದೇ ತಡ, "ನೋಡಿ ಅತ್ತಿಗೆ, ಮೊದಲು ಸಮುದ್ರಕ್ಕೆ ಒಂದಿಡೀ ದಿನ ಬೇಕಿತ್ತು. ಈಗ ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಅಲ್ಲಿರ್ತೀವಿ" ಎಂದ.

"ಕಣ್ಣು ಬಿಟ್ಕೊಂಡೇ ಓಡಿಸಪ್ಪ."

ಅವಳಿಗೆ ಬೇಕಿದ್ದದ್ದು ಸಮುದ್ರವಲ್ಲ, ದೋಣಿ. ಗಂಡ ಕಟ್ಟುತ್ತಿದ್ದ ದೋಣಿ. ಹಲಗೆಯೆಲ್ಲ ಕೂತಿತ್ತು, ಮೇಲಿನ ಕೆಲಸ ಬಾಕಿ. ಅವಳ ಓದಿಗೆಂದು ಇಬ್ಬರೂ ಹೊರದೇಶಕ್ಕೆ ಹೊರಟಾಗ, ಬಂದು ಮುಗಿಸುತ್ತೇನೆ ಎಂದು ಜೊತೆಗಾರ ಮೇಸ್ತ್ರಿಯ ಕೈಗೆ ಶೆಡ್ಡಿನ ಬೀಗದ ಕೈ ಕೊಟ್ಟಿದ್ದ. ಬರಲಿಲ್ಲ. ಹೋದ ವರ್ಷ ಅಲ್ಲೇ ಆಸ್ಪತ್ರೆಯಲ್ಲಿ ತೀರಿಕೊಂಡ. ಈಗ ದೋಣಿ ನಿಂತಿದ್ದ ಜಾಗ ರಸ್ತೆಯವರ ಪಾಲಾಗಿತ್ತು. ಇಂಥ ದಿನ ಕ್ರೇನ್ ಬಂದು ಒಡೆದು ಹಾಕುತ್ತದೆ ಎಂದು ಮೇಸ್ತ್ರಿ ಫೋನ್ ಮಾಡಿದಾಗ ಅವಳು ಹೇಳಿದ್ದು ಒಂದೇ ಮಾತು: "ನಾನು ಬರೋ ತನಕ ಯಾರೂ ಅದನ್ನ ಮುಟ್ಟಬೇಡಿ." ಆ ದಿನ ಇವತ್ತು.

ಅಂಥ ದಿನವೇ ಮೈದುನನಿಗೆ ಸುರಂಗ ತೋರಿಸುವ ಹುಮ್ಮಸ್ಸು. ಅವನು ರಸ್ತೆ ಕಂಪನಿಯಲ್ಲಿ ಸೂಪರ್‌ವೈಸರ್. ಯಾವ ಗುಡ್ಡ ಎಲ್ಲಿ ಸೀಳಿದರು, ಯಾವ ಕಂಬಕ್ಕೆ ಎಷ್ಟು ಕಬ್ಬಿಣ ಹೋಯಿತು ಎಂದು ಬಾಯಿಗೆ ಬಿಡುವಿಲ್ಲ. ಹಳೆಯ ಊರುಗಳೆಲ್ಲ ರಸ್ತೆಯ ಕೆಳಗೆಲ್ಲೋ ಉಳಿದಿದ್ದವು. ಕಿಟಕಿಯಲ್ಲಿ ಕಾಣುತ್ತಿದ್ದದ್ದು ಬರೀ ತಡೆಗೋಡೆ. ಅವಳ ತಲೆ ಚಿಟ್ಟು ಹಿಡಿಯಿತು.

ಟೋಲ್ ಹತ್ತಿರ ಶೌಚಾಲಯದ ಬಾಗಿಲು ಫೋನಿನಲ್ಲಿ ಹಣ ಕಟ್ಟಿದರೆ ಮಾತ್ರ ತೆರೆಯುವಂಥದ್ದು. ಅವಳ ಫೋನು ಹೊರದೇಶದ್ದು, ಬಾಗಿಲಿಗೆ ಅದರ ಗುರುತೇ ಇಲ್ಲ. ಕೊನೆಗೆ ಪಕ್ಕದ ಹೆಂಗಸೊಬ್ಬಳು ಕನಿಕರಪಟ್ಟು ಕಟ್ಟಿದಳು. ಹೊರಬಂದರೆ ಮೈದುನ ಹಳದಿ ಟೋಪಿಯವನೊಬ್ಬನಿಗೆ ಕೈ ಬೀಸಿ ಬೀಸಿ ಏನೋ ವಿವರಿಸುತ್ತಿದ್ದ.

"ಯಾರೋ ಅದು?"

"ಪಾಪ, ದಾರಿ ಕೇಳ್ದ. ಅವನೂ ಮೀನು ಬಂದರಿಗೇ ಹೋಗ್ಬೇಕಂತೆ. ಮುಂದೆ ಎಡಕ್ಕೆ ಇಳೀಲಿಕ್ಕೆ ದಾರಿ ಇದೆ ಅಂದೆ. ಗೊತ್ತಾಗದಿದ್ರೆ ಫೋನ್ ಮಾಡು ಅಂತ ನಂಬರೂ ಕೊಟ್ಟೆ."

ಬಂದರಿನ ಊರು ಬಂತು. ರಸ್ತೆ ಕೆಳಗಿಳಿಯುವ ಬದಲು ಮೇಲೇರಿತು. ಎಡಕ್ಕೆ ದಾರಿ ಇರಲಿಲ್ಲ.

"ಇರ್ಬೇಕಿತ್ತಲ್ಲ..." ಎಂದ ಮೈದುನ. "ನಕ್ಷೇಲಿ ಇತ್ತು ಅತ್ತಿಗೆ, ನಿಮ್ಮಾಣೆ."

"ನಕ್ಷೇಲೇ ಇಳಿಯೋಣ್ವಾ ಹಾಗಾದ್ರೆ? ಈ ರಸ್ತೆ ಮಾಡ್ದವನು ನೀನಲ್ವಾ?"

"ನಾನು ಮಾಡಿದ್ದು ಸುರಂಗದ ಭಾಗ."

ಫೋನ್ ಬಂತು. ಮೇಸ್ತ್ರಿ. "ಎಲ್ಲಿದ್ದೀರಿ ತಾಯಿ?"

"ನಿಮ್ಮ ತಲೆ ಮೇಲೆ."

ಕೆಳಗೆ, ತಗಡಿನ ಚಾವಣಿಯಡಿಯಿಂದ ಮುದುಕನೊಬ್ಬ ಫೋನ್ ಕಿವಿಗಿಟ್ಟುಕೊಂಡೇ ಹೊರಬಂದು ಆಕಾಶ ನೋಡಿ ಕೈಯಾಡಿಸಿದ. ಅವಳೂ ಕೈಯಾಡಿಸಿದಳು. ಕಾರು ಮುಂದೆ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಇಲ್ಲಿ ತುತ್ತು ಕಣ್ಣೆದುರೇ ಹಾದುಹೋಯಿತು. ತಿರುಗಿಸಿಕೊಳ್ಳಲು ಇನ್ನೊಂದು ಊರಿನವರೆಗೆ ಹೋಗಬೇಕಾಯಿತು. ಬರುವಾಗ ಆ ಬದಿಯಿಂದಲೂ ದಾರಿ ಇಲ್ಲ. ಮತ್ತೆ ತಿರುಗಿ ಬಂದರು. ಮತ್ತೆ ಚಾವಣಿ, ಮತ್ತೆ ಮುದುಕ. ಈ ಸಲ ಅವನು ಕೈಯಾಡಿಸಲಿಲ್ಲ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ.

"ನಿಲ್ಲಿಸು."

"ಇಲ್ಲಿ ನಿಲ್ಲಿಸೋ ಹಾಗಿಲ್ಲ ಅತ್ತಿಗೆ, ದಂಡ ಹಾಕ್ತಾರೆ."

"ಹಾಕ್ಲಿ. ದಂಡ ಹಾಕೋಕೆ ಬರೋವ್ರು ಎಲ್ಲಿಂದ ಹತ್ತಿ ಬರ್ತಾರೆ ಅಂತನಾದ್ರೂ ಗೊತ್ತಾಗುತ್ತೆ."

ಸೇತುವೆ ತಪಾಸಣೆಯವರಿಗೆಂದು ಕಂಬಕ್ಕೆ ಆತುಕೊಂಡಂತೆ ಕಬ್ಬಿಣದ ಮೆಟ್ಟಿಲಿತ್ತು. ಅವಳು ತಡೆಗೋಡೆ ದಾಟಿ ಇಳಿದಳು. ಹಿಂದೆ ಮೈದುನ, ಹೆಜ್ಜೆಗೊಂದು "ಜೋಪಾನ ಅತ್ತಿಗೆ."

ದೋಣಿ ಅಲ್ಲೇ ಇತ್ತು, ಇಡಿಯಾಗಿ. ಅವಳಿಗೆ ಅಳು ಬರಲಿಲ್ಲ. ಹಲಗೆ ಮುಟ್ಟಿದರೆ ಒದ್ದೆ.

"ಕ್ರೇನ್ ಬರ್ಲಿಲ್ವಾ ಮೇಸ್ತ್ರಿಗಳೇ?"

"ಬೆಳಿಗ್ಗೆ ಬರ್ತೀವಿ ಅಂದ್ರು, ಪತ್ತೆ ಇಲ್ಲ. ನಿಮ್ಮ ಹಾಗೇ ಮೇಲೇ ಸುತ್ತುತ್ತಾ ಇರ್ಬೇಕು. ಈ ಜಾಗ ಬೇಕಾಗಿರೋದೇ ಇಳಿಯೋ ದಾರಿ ಮಾಡೋಕಂತೆ. ದಾರಿ ಆಗ್ದೆ ಕ್ರೇನ್ ಬರಲ್ಲ, ಕ್ರೇನ್ ಬರ್ದೆ ದಾರಿ ಆಗಲ್ಲ."

"ಈಗ ಏನ್ಮಾಡೋದು?"

"ಸ್ವಲ್ಪ ಹೊತ್ತಿಗೆ ನೀರು ಏರುತ್ತೆ. ಕಂಬಗಳ ನಡುವೆ ಇದು ನುಸುಳೋವಷ್ಟು ಸಂದಿದೆ. ತಳ್ಳಿದ್ರೆ ತೇಲಿಸ್ಕೊಂಡು ಆಚೆ ದಡಕ್ಕೆ ಹೋಗ್ತೀನಿ. ಅಲ್ಲಿ ನನ್ನ ತಮ್ಮನ ಜಾಗ ಇದೆ."

ಅವಳಿಗೆ ರೇಗಿಹೋಯಿತು. "ಇದನ್ನ ಹೋದ ವಾರವೇ ಮಾಡಬಹುದಿತ್ತಲ್ಲ!"

"ನೀವೇ ಅಂದ್ರಲ್ಲ ತಾಯಿ, ಮುಟ್ಟಬೇಡಿ ಅಂತ. ತಳ್ಳೋಕೆ ಬಂದವ್ರನ್ನ ಬೈದು ಕಳಿಸ್ದೆ. ನೀರು ಹಾಕಬೇಡಿ ಅಂತ ಮಾತ್ರ ನೀವು ಅನ್ನಲಿಲ್ಲ. ಅದಕ್ಕೇ ದಿನಾ ಒಳಗೆ ನೀರು ಹೊಯ್ದೆ. ಹಲಗೆ ಉಬ್ಬಿ ಸಂದು ಮುಚ್ಚಿದೆ, ಸೋರಲ್ಲ."

ಬೆಳಗಿನಿಂದ ಇಡೀ ದೇಶವನ್ನು ಮನಸ್ಸಿನಲ್ಲೇ ಬೈದುಕೊಂಡು ಬಂದವಳಿಗೆ ಈಗ ಬೈಯಲು ತನ್ನನ್ನು ಬಿಟ್ಟು ಬೇರೆ ಯಾರೂ ಉಳಿದಿರಲಿಲ್ಲ.

ಮೈದುನ ದೋಣಿಯ ಮೂತಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದ. "ಈ ಹಲಗೆ ಸೊಟ್ಟ ಕೂರ್ಸಿದ್ದು ನಾನು," ಎಂದ. "ಅಣ್ಣ ವಾರಗಟ್ಟಲೆ ಬೈದ. ಕಿತ್ತು ಹಾಕ್ಲಾ ಅಂದ್ರೆ, ಇರ್ಲಿ ಬಿಡೋ, ನಿನ್ನ ಗುರುತು ಅಂದ."

ಅಷ್ಟರಲ್ಲಿ ಅವನ ಫೋನ್ ಹೊಡೆದುಕೊಂಡಿತು. ಆ ಕಡೆಯ ದನಿ ಮೂವರಿಗೂ ಕೇಳುವಷ್ಟು ಜೋರು.

"ಸಾರ್, ನೀವ್ ಹೇಳಿದ ಎಡಗಡೆ ದಾರಿ ಎಲ್ಲಿದೆ ಸಾರ್? ಸುತ್ತಿ ಸುತ್ತಿ ಡೀಸೆಲ್ ಖಾಲಿ ಆಗ್ತಾ ಬಂತು. ಕ್ರೇನ್ ತಗೊಂಡು ಇನ್ನೆಷ್ಟು ಸಲ ತಿರುಗ್ಲಿ?"

ಮೇಸ್ತ್ರಿ ಮುಖ ಆಚೆ ತಿರುಗಿಸಿದ. ಅವನ ಭುಜ ಕುಲುಕುತ್ತಿತ್ತು. ಮೈದುನ ಫೋನಿಗೆ ಅಂಗೈ ಮುಚ್ಚಿ, "ಅತ್ತಿಗೆ, ಏನ್ ಹೇಳ್ಲಿ?" ಎಂದ.

ಅವಳು ನೀರು ನೋಡಿದಳು. ಅದು ಮೊದಲ ಕಂಬದ ಬುಡ ದಾಟಿತ್ತು.

"ನೇರ ಹೋಗೋಕೆ ಹೇಳು," ಎಂದಳು. "ಸುರಂಗ ತೋರ್ಸು. ಚೆನ್ನಾಗಿದೆ."

ಚಪ್ಪಲಿ ಬಿಟ್ಟು, ಸೊಟ್ಟ ಹಲಗೆಗೆ ಹೆಗಲು ಕೊಟ್ಟಳು. "ಹೂಂ, ಮುಟ್ಟಿ ಮೇಸ್ತ್ರಿಗಳೇ."