ಸಾರ್ವೆರೆ ದೊಡ್ಡಮನೆಯ ಪೂರ್ವದ ಕಟ್ಟು

ಸಾರ್ವೆರೆಯ ದೊಡ್ಡಮನೆ ಕಲ್ಲಿನದು ಎಂಬುದರಲ್ಲಿ ಊರಿನ ಯಾರಿಗೂ ಅನುಮಾನವಿರಲಿಲ್ಲ. ನೂರು ವರ್ಷಕ್ಕೂ ಮೇಲೆ ದಿಬ್ಬದ ತುದಿಯಲ್ಲಿ ನಿಂತು, ರೈ ಧಾನ್ಯದ ಹೊಲದಲ್ಲಿ ಬಗ್ಗಿದವರ ಬೆನ್ನುಗಳನ್ನು ನೋಡುತ್ತಿದ್ದ ಮನೆ ಕಲ್ಲಿನದಲ್ಲದೆ ಮತ್ತೇನಾದೀತು? ಎದುರಿಗೆ ನಾಲ್ಕು ಬಿಳಿ ಕಂಬ, ಎರಡೂ ಪಕ್ಕಕ್ಕೆ ಒಂದೊಂದು ಕಟ್ಟು, ಗೋಡೆಯ ತುಂಬ ಚಪ್ಪಡಿ ಜೋಡಿಸಿದ ಹಾಗೆ ಗೆರೆ. ಮನೆಯ ಒಡೆಯ ಬ್ಯಾರನ್ ಊರಲ್ಲಿಲ್ಲದ ದಿನವೂ ಆ ದಾರಿಯಲ್ಲಿ ಹೋಗುವ ಗಂಡಸರು ಗೋಡೆಗೆ ಟೋಪಿ ತೆಗೆದು ಹೋಗುತ್ತಿದ್ದರು. ಕೆಲಸದವರು ಕಂಡದ್ದು ನೆಲಮಾಳಿಗೆಯ ಅಡುಗೆಮನೆಯನ್ನು ಮಾತ್ರ, ಮತ್ತು ಅದರ ಕಮಾನುಗಳು ನಿಜವಾಗಿಯೂ ಕಲ್ಲಿನವು. ಮೇಲೆ ಎಲ್ಲಾದರೂ ಗಾರೆ ಬಿಟ್ಟರೆ ಪಟ್ಟಣದ ಗಾರೆಯವರು ಬಂದು ಮೆತ್ತಿ ಹೋಗುತ್ತಿದ್ದರು.

ಆಮೇಲೆ ಯುದ್ಧ ಬಂತು, ದೇಶ ಎಸ್ತೋನಿಯಾ ಎಂಬ ಹೆಸರಿನಲ್ಲಿ ಸ್ವತಂತ್ರವಾಯಿತು, ಬ್ಯಾರನ್ ಗಂಟುಮೂಟೆ ಕಟ್ಟಿಕೊಂಡು ಜರ್ಮನಿಗೆ ಹೋದ. ಹೊಸ ಸರಕಾರ ಅವನ ಭೂಮಿಯನ್ನು ಹೋಳು ಮಾಡಿ, ಹೋರಾಡಿದ ಸಿಪಾಯಿಗಳಿಗೂ ಸತ್ತವರ ಹೆಂಡಿರಿಗೂ ಹಂಚಿತು. ಲೀಸುವಿಗೆ ಕೆರೆಯಂಚಿನ ಹೊಲ ಸಿಕ್ಕಿತು. ಯುದ್ಧಕ್ಕೆ ಹೋದ ಗಂಡ ಸಿಕ್ಕಲಿಲ್ಲ, ಮನೆಯೂ ಸಿಕ್ಕಲಿಲ್ಲ.

ಹೊಲದ ಮೂಲೆಯಲ್ಲಿ ಒಂದು ಹಳೆಯ ಸೌನಾ ಇತ್ತು. ಸೌನಾ ಎಂದರೆ ಶನಿವಾರ ಶನಿವಾರ ಬೆವರು ಸುರಿಸಿ ಮೈ ತೊಳೆಯುವುದಕ್ಕೆ ಬಲು ಚೆನ್ನ. ಸಂಸಾರ ಹೂಡುವುದಕ್ಕಲ್ಲ. ಹೊಗೆ ಹೋಗಲು ಬಾಗಿಲೊಂದೇ ದಾರಿ. ಬಾಗಿಲು ತೆರೆದರೆ ಚಳಿ, ಮುಚ್ಚಿದರೆ ಹೊಗೆ. ಲೀಸು ಮತ್ತು ಆರು ವರ್ಷದ ಮಗಳು ಮಿನ್ನಾ ಎರಡು ಚಳಿಗಾಲ ಅದರಲ್ಲೇ ಕಳೆದರು. ಎರಡನೆಯದರಲ್ಲಿ ಮಿನ್ನಾಳಿಗೆ ಹಿಡಿದ ಕೆಮ್ಮು ಹಿಮ ಕರಗುವವರೆಗೂ ಬಿಡಲಿಲ್ಲ. ವೈದ್ಯರು ಮಗುವಿನ ಎದೆಗೆ ಕಿವಿಯಿಟ್ಟು ಕೇಳಿ, "ಇನ್ನೊಂದು ಚಳಿಗಾಲ ಈ ಗೂಡಲ್ಲಿ ಇಟ್ಕೊಂಡ್ರೆ ಆಮೇಲೆ ನನ್ನ ಕರೀಬೇಡಮ್ಮ, ಪಾದ್ರಿನ ಕರಿ," ಎಂದು ಹೇಳಿ ಹೋಗಿದ್ದರು. ಆ ಮಾತು ಬೇಸಿಗೆ ಪೂರ್ತಿ ಲೀಸುವಿನ ಕಿವಿಯಲ್ಲೇ ಕೂತಿತ್ತು.

ಅದಕ್ಕೇ ಊರಿನ ಮಂಡಳಿ ದೊಡ್ಡಮನೆಯ ನಡುಭಾಗವನ್ನು ಶಾಲೆಗೆ ಬಿಟ್ಟು, ಪೂರ್ವದ ಕಟ್ಟನ್ನು ಕೆಡವಿ ಕಲ್ಲನ್ನೂ ಇಟ್ಟಿಗೆಯನ್ನೂ ಮನೆಯಿಲ್ಲದ ಹೊಸ ಒಕ್ಕಲುಗಳಿಗೆ ಹಂಚಬೇಕೆಂದು ತೀರ್ಮಾನಿಸಿದಾಗ, ಹಾರೆ ಹಿಡಿದು ಎಲ್ಲರಿಗಿಂತ ಮೊದಲು ಬಂದು ನಿಂತವಳು ಲೀಸು. ಶಾಲೆಯ ಮೇಷ್ಟ್ರು ಯೂಲಿಯುಸ್ ಮುಖ ಸಣ್ಣದು ಮಾಡಿಕೊಂಡು ನೋಡುತ್ತಿದ್ದರು. ಅವರಿಗೆ ಇಡೀ ಮನೆ ಉಳಿಯಬೇಕೆಂಬ ಆಸೆ.

"ಇಂಥ ಕಟ್ಟಡ ಇನ್ನೊಂದು ಸಲ ಕಟ್ಟೋಕಾಗಲ್ಲ ಲೀಸು," ಎಂದರು.

"ಇಂಥ ಮಗಳನ್ನೂ ಇನ್ನೊಂದು ಸಲ ಹೆರೋಕಾಗಲ್ಲ ಮೇಷ್ಟ್ರೇ. ಆ ಕಡೆ ನಿಂತ್ಕೊಳಿ, ಗಾರೆ ಬೀಳತ್ತೆ."

ಅವಳು ಕೋಣೆಯೊಳಗಿಂದಲೇ ಕಿಟಕಿಯ ಕೆಳಗೆ ಹಾರೆ ಹಾಕಿ ಮೀಟಿದಳು. ಬಾಗಿಲಗಲ ಗಾರೆ ಕಳಚಿ ಬಿತ್ತು. ಅದರ ಹಿಂದೆ ಜೊಂಡಿನ ಚಾಪೆ. ಚಾಪೆಯನ್ನು ಕಿತ್ತರೆ ಇಟ್ಟಿಗೆ ಕಾಣಲಿಲ್ಲ, ಕಲ್ಲೂ ಕಾಣಲಿಲ್ಲ. ಒಂದರ ಮೇಲೊಂದು ಅಡ್ಡಡ್ಡ ಪೇರಿಸಿದ ಪೈನ್ ದಿಮ್ಮಿಗಳು, ಸಂದಿಗೆ ತುರುಕಿದ ಒಣ ಪಾಚಿ. ಊರಿನ ಬಡವರ ಗುಡಿಸಲನ್ನು ಹೇಗೆ ಕಟ್ಟುತ್ತಾರೋ ಹಾಗೆಯೇ.

ಎಲ್ಲರೂ ಹತ್ತಿರ ಬಂದು ಬಗ್ಗಿ ನೋಡಿದರು. ಆಮೇಲೆ ತೂಮಸ್ ಎಂಬ ಕುಂಟ ಸಿಪಾಯಿ ಮುಂಭಾಗಕ್ಕೆ ಹೋಗಿ ಬಿಳಿ ಕಂಬವನ್ನು ಊರುಗೋಲಿನಿಂದ ಕುಟ್ಟಿದ. ಕಂಬ ಖಾಲಿ ಪೀಪಾಯಿಯಂತೆ ಡಬಡಬ ಎಂದಿತು.

"ಹಲಗೆ ಕಣ್ರೋ! ಇದೂ ಹಲಗೆ!" ಎಂದು ಅವನು ನೆಲಕ್ಕೆ ಕೂತು ನಕ್ಕ. "ನಮ್ಮಜ್ಜ ಬದುಕಿಡೀ ಪೈನ್ ಮರಕ್ಕೆ ಟೋಪಿ ತೆಗೆದನಲ್ಲೋ! ಕಾಡಲ್ಲಿ ನಿಂತಿದ್ದಾಗ ಅದೇ ಮರಕ್ಕೆ ಉಚ್ಚೆ ಹುಯ್ದಿರ್ತಾನೆ!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಲೀಸು ನಗಲಿಲ್ಲ. ಒಣಗಿ ಕಬ್ಬಿಣವಾದ ದಿಮ್ಮಿಯನ್ನು ಅಂಗೈಯಿಂದ ಸವರುತ್ತಿದ್ದಳು. ಕಲ್ಲಿಗಿಂತ, ಇಟ್ಟಿಗೆಗಿಂತ ಇದೇ ವಾಸಿ. ಬಿಚ್ಚಿ, ಬಂಡಿಗೆ ಹೇರಿ, ಅಲ್ಲಿ ಮತ್ತೆ ಪೇರಿಸಿದರಾಯಿತು. ನೆರೆಯವರ ಮುಯ್ಯಾಳು ಸೇರಿದರೆ ಹಿಮ ಬೀಳುವುದರೊಳಗೆ ಸೂರು ಸಿದ್ಧ. ಅವಳಿಗೆ ಸಂತೋಷ ತಡೆಯಲಾಗದೆ ಕಣ್ಣೀರೇ ಬಂತು.

ಆದರೆ ತೂಮಸ್ ಪಾಚಿ ಒರೆಸಿದಾಗ ದಿಮ್ಮಿಗಳ ಮೇಲೆ ಕೆತ್ತಿದ ಗುರುತುಗಳು ಕಂಡವು. ಒಂದರ ಮೇಲೆ ಅಡ್ಡಗೆರೆಯ ಶಿಲುಬೆ, ಇನ್ನೊಂದರ ಮೇಲೆ ಬಾತುಕೋಳಿಯ ಕಾಲು, ಮತ್ತೊಂದರ ಮೇಲೆ ಮೂರು ಹಲ್ಲಿನ ಕುಂಟೆ. ಯಾರೂ ವಿವರಿಸಬೇಕಾಗಿರಲಿಲ್ಲ. ಸುತ್ತಲಿನ ಒಕ್ಕಲುಮನೆಗಳ ಗುರುತುಗಳು ಅವು; ಇವತ್ತಿಗೂ ಅವರವರ ಚೀಲ, ಬಲೆ, ಬಿಯರ್ ಕುಡಿಯುವ ಮರದ ಚೊಂಬುಗಳ ಮೇಲೆ ಇದ್ದವು. ದೊಡ್ಡಮನೆ ಕಟ್ಟುವಾಗ ಪ್ರತಿ ಒಕ್ಕಲೂ ಬಿಟ್ಟಿಯಾಗಿ ದಿಮ್ಮಿ ಕಡಿದು ಎಳೆದು ತರಬೇಕಿತ್ತು; ಅವೆಲ್ಲ ಮಾಡಿಗೂ ಕೊಟ್ಟಿಗೆಗೂ ಹೋದವೆಂದೇ ಊರು ನಂಬಿತ್ತು. ತಂದದ್ದಕ್ಕೆ ತಮ್ಮ ಗುರುತು ಹಾಕದಿದ್ದರೆ ಮೇಸ್ತ್ರಿ ತಂದಿಲ್ಲವೆಂದೇ ಲೆಕ್ಕ ಹಿಡಿಯುತ್ತಿದ್ದ.

ಸುದ್ದಿ ಊರೆಲ್ಲ ಹಬ್ಬಿತು. ಸಂಜೆಯೊಳಗೆ ಒಕ್ಕಲು ಯಜಮಾನರೆಲ್ಲ ಬಂದು ಗೋಡೆಗೆ ಮೂಗು ತಾಗಿಸಿ ಹುಡುಕಲು ಶುರುಮಾಡಿದರು. ಪಿಹ್ಲಕ ಒಕ್ಕಲುಮನೆಯ ಹಿಂದ್ರೆಕ್ ಕುದುರೆ, ಬಂಡಿ, ಹಗ್ಗ ಎಲ್ಲ ತಂದಿದ್ದ. ಎಂಟು ಕೋಣೆಯ ಮನೆಯ ಯಜಮಾನ. ಊರಲ್ಲಿ ಮೊದಲು ತಗಡಿನ ಮಾಡು ಹೊದಿಸಿದವನು. ಮೂರು ಹಲ್ಲಿನ ಕುಂಟೆ ಅವನ ಮನೆತನದ್ದು. ಅದರ ಗೆರೆಗಳ ಮೇಲೆ ಬೆರಳಾಡಿಸಿದ. "ನಮ್ಮ ಮುತ್ತಜ್ಜ ಎಳೆದದ್ದು," ಎಂದ. ಮೂಗು ಸೀಟಿ, "ನಮ್ದು. ನಾನು ತಗೊಂಡು ಹೋಗ್ತೀನಿ," ಎಂದ.

ಭಾನುವಾರ ಚರ್ಚು ಮುಗಿದ ಮೇಲೆ ದೊಡ್ಡಮನೆಯ ನಡುಹಜಾರದಲ್ಲೇ ಸಭೆ ಸೇರಿತು.

"ನಿಮಗೆ ಮನೆ ಇದೆಯಲ್ಲ ಯಜಮಾನ್ರೇ?" ಎಂದು ಲೀಸು ನೇರವಾಗಿ ಹಿಂದ್ರೆಕ್‌ನನ್ನೇ ಕೇಳಿದಳು.

"ಇದೆ. ಅದಕ್ಕೂ ಇದಕ್ಕೂ ಏನಮ್ಮಾ? ಇದು ನಮ್ಮ ಹಿರೀಕರ ಬೆವರು. ನಿಮ್ಮೋರ ಗುರುತು ಎಲ್ಲಿದೆ, ತೋರ್ಸು, ನೀನೂ ತಗೊಂಡ್ಹೋಗು."

ಲೀಸುವಿನ ಕಡೆಯವರಿಗೆ ಯಾವ ಕಾಲಕ್ಕೂ ಸ್ವಂತ ಒಕ್ಕಲುಮನೆ ಇರಲಿಲ್ಲ. ತಲೆಮಾರುಗಳಿಂದ ದೊಡ್ಡಮನೆಯ ಕೂಲಿಯವರು. ಅವಳ ಮುಖ ಕೆಂಪಾಯಿತು.

"ನಮ್ಮ ಮುತ್ತಜ್ಜಿ ಜೌಗಿನಲ್ಲಿ ಮೊಣಕಾಲುದ್ದ ನಿಂತು ಪಾಚಿ ಕಿತ್ತೋಳು. ಪಾಚಿ ಮೇಲೆ ಗುರುತು ಕೆತ್ತೋಕಾಗತ್ತಾ? ನಿಮ್ಮ ಮುತ್ತಜ್ಜ ಆ ಕುಂಟೆ ಕೆತ್ತಿದ್ದು ಇದು ನಂದು ಅನ್ನೋಕಲ್ಲ ಯಜಮಾನ್ರೇ. ಬೆನ್ನಿಗೆ ಬಾರುಕೋಲಿನ ಏಟು ಬೀಳಬಾರದು ಅಂತ."

ಮಾತು ಎಲ್ಲರಿಗೂ ನಾಟಿತು, ಆದರೆ ಯಾರೂ ದಿಮ್ಮಿಯ ಆಸೆ ಬಿಡಲಿಲ್ಲ. ಅವರ ಮನಸ್ಸು ತಿರುಗಿದ್ದು ಬೇರೆ ಕಾರಣಕ್ಕೆ. ಬಾತುಕಾಲಿನ ಗುರುತಿನ ಯೋಸೆಪ್, ಸಣ್ಣ ಹಿಡುವಳಿಯವನು, ಎದ್ದು ನಿಂತ.

"ಅಲ್ಲಾ, ನಾನು ಬೆಳಗ್ಗಿಂದ ನೋಡ್ತಿದೀನಿ, ಎಲ್ಲಿ ಕೆರೆದ್ರೂ ಬರೀ ಕುಂಟೆ. ನಂದು ಅಲ್ಲೊಂದು ಇಲ್ಲೊಂದು. ಹಿಂಗಾದ್ರೆ ಹಿಂದ್ರೆಕ್ ಪೂರ್ತಿ ಮನೆ ಹೊತ್ಕೊಂಡು ಹೋಗ್ತಾನೆ, ನಾವೇನು ಕಿಟಕಿ ಚೌಕಟ್ಟು ನೆಕ್ಕೋದಾ?"

"ನನ್ನ ದಿಮ್ಮಿ ತಳದಲ್ಲಿದೆ. ಮೇಲಿನವರು ತೆಗೆಯೋವರೆಗೂ ನಾನು ಕಾಯ್ತಾ ಕೂರ್ಬೇಕಾ?" ಎಂದ ಇನ್ನೊಬ್ಬ.

ಆಮೇಲೆ ನಡೆದದ್ದು ಸಭೆಯಲ್ಲ, ಸಂತೆ. ಕೊನೆಗೆ ಮೇಷ್ಟ್ರು ಮೆಲ್ಲಗೆ, "ಯಾರಿಗೂ ಕೊಡೋದು ಬೇಡ ಅಂದ್ರೆ?" ಎಂದು ಕೇಳಿದ್ದೇ ತಡ, ಹಿಂದ್ರೆಕ್ ಒಬ್ಬನನ್ನು ಬಿಟ್ಟು ಒಕ್ಕಲು ಯಜಮಾನರೆಲ್ಲ ಕೈ ಎತ್ತಿದರು. ಒಂದು ದಿಮ್ಮಿಯನ್ನೂ ಯಾರೂ ಮುಟ್ಟಕೂಡದು. ಸಾರ್ವೆರೆಯ ದೊಡ್ಡಮನೆ ಇವತ್ತಿಗೂ ನಿಂತಿರುವುದನ್ನು ಕಂಡು ದೂರದವರು ಈ ಊರಿನವರ ಕಲಾಭಿಮಾನವನ್ನು ಹೊಗಳುತ್ತಾರೆ. ಅದನ್ನು ಉಳಿಸಿದ್ದು ಪಕ್ಕದ ಮನೆಯವನ ಮೇಲಿನ ಹೊಟ್ಟೆಕಿಚ್ಚು.

ಹೊಸ ಒಕ್ಕಲುಗಳಿಗೆ ಸರಕಾರಿ ಕಾಡಿನಿಂದ ಮರ ಕೊಡಿಸುತ್ತೇವೆ ಎಂದು ಮಂಡಳಿಯವರು ಹೇಳಿದರು. ಹಸಿ ಮರ. ಕಡಿದು ಒಣಗಿಸಿ ಕಟ್ಟುವಷ್ಟರಲ್ಲಿ ಮುಂದಿನ ವರ್ಷ. ಜನ ಎದ್ದು ಟೋಪಿ ಹುಡುಕುತ್ತಿದ್ದರು. ಈಗ ಬಾಯಿ ಬಿಡದಿದ್ದರೆ ಮಗಳು ಉಳಿಯುವುದಿಲ್ಲ ಎಂದು ಲೀಸುವಿಗೆ ಖಚಿತವಾಗಿ ಗೊತ್ತಿತ್ತು.

"ಹಂಗಾದ್ರೆ ನಾನು ಇಲ್ಲೇ ಇರ್ತೀನಿ," ಎಂದಳು.

"ಎಲ್ಲಿ?"

"ಇಲ್ಲಿ. ದೊಡ್ಡಮನೇಲಿ."

"ಬ್ಯಾರನ್ ಮನೇಲಿ ನೀನಾ?" ಎಂದು ಯಾರೋ ನಕ್ಕರು.

"ಅವನು ಖಾಲಿ ಮಾಡಿದಾನಲ್ಲ. ಇಲ್ಲಾ ನೀವು ಬರ್ತೀರಾ ಹೇಳಿ, ನಿಮ್ಮ ಮನೆ ನಂಗೆ ಬಿಟ್ಕೊಡಿ."

"ಯಾವ ಕೋಣೆ ಬೇಕಂತೆ ದೊರೆಸಾನಿಗೆ?" ಎಂದ ಹಿಂದ್ರೆಕ್, ಮುಖ ಸಿಂಡರಿಸಿ.

"ಗೋಡೆ ಕಿತ್ತಿರೋದು. ಕಿತ್ತೋಳು ನಾನು, ಮುಚ್ಚೋಳೂ ನಾನೇ."

ಬೇಡವೆನ್ನಲು ಯಾರಿಗೂ ಕಾರಣ ಹೊಳೆಯಲಿಲ್ಲ. ಶಾಲೆಯ ಒಲೆಗಳನ್ನು ಹಚ್ಚಿ ಕಸ ಗುಡಿಸಿಕೊಂಡಿರಲಿ ಎಂದು ಮೇಷ್ಟ್ರು ಅಲ್ಲೇ ಮಾತು ಮುಗಿಸಿಬಿಟ್ಟರು. ಪೂರ್ವದ ಕಟ್ಟಿನ ಉಳಿದ ಕೋಣೆಗಳಿಗೆ ತೂಮಸ್ ಮತ್ತು ಇತರ ಹೊಸ ಒಕ್ಕಲುಗಳೂ ಬಂದು ಸೇರಿದರು.

ಹೊರಗೆ ಮೊದಲ ಸಲ ನೀರು ಹೆಪ್ಪುಗಟ್ಟಿದ ಭಾನುವಾರ ಹಿಂದ್ರೆಕ್ ಬಂದ. ಚರ್ಚಿಗೆ ಹಾಕುವ ಕರಿ ಕೋಟು, ಕಂಕುಳಲ್ಲಿ ಬಟ್ಟೆ ಸುತ್ತಿದ ರೈ ರೊಟ್ಟಿ, ಅದರ ಮೇಲೆ ಪುಟ್ಟ ಉಪ್ಪಿನ ಗಂಟು. ಹೊಸದಾಗಿ ಮನೆ ಹೊಕ್ಕವರಿಗೆ ರೊಟ್ಟಿ ಉಪ್ಪು ಕೊಡದಿದ್ದರೆ ಅವನ ಹೆಂಡತಿ ಅವನನ್ನು ಬಿಡುತ್ತಿರಲಿಲ್ಲ. ಲೀಸು ಮೊಣಕೈವರೆಗೆ ಕೆಸರಾಗಿದ್ದಳು. ಹುಲ್ಲು ಕೊಚ್ಚಿ ಕಲಸಿದ ಜೇಡಿಮಣ್ಣಿನಿಂದ ಗೋಡೆಯ ಮುಕ್ಕಾಲು ಭಾಗ ಮೆತ್ತಿಯಾಗಿತ್ತು. ಕುಂಟೆಯ ಗುರುತಿನ ದಿಮ್ಮಿ ಇನ್ನೂ ಬರಿದಾಗಿತ್ತು. ಅದರ ಪಕ್ಕದಲ್ಲೇ ಮಂಚ, ಮಂಚದ ಮೇಲೆ ಮಿನ್ನಾ.

ಹಿಂದ್ರೆಕ್ ರೊಟ್ಟಿಯನ್ನು ಮೇಜಿನ ಮೇಲಿಟ್ಟು, ಕೆಮ್ಮಿ, ಟೋಪಿಯನ್ನು ಕೈಯಲ್ಲಿ ತಿರುಗಿಸಿದ.

"ಅದನ್ನ ಮುಚ್ಚಬೇಡ ಕಣಮ್ಮ. ನನ್ನ ಮೊಮ್ಮಗನಿಗೆ ತೋರಿಸ್ಬೇಕು. ಅಂಗೈಯಷ್ಟು ಜಾಗ ಬಿಡು, ಸಾಕು."

"ಗಾಳಿ ಬರತ್ತೆ."

"ಅಂಗೈಯಷ್ಟು ಜಾಗದಲ್ಲಿ ಎಷ್ಟು ಗಾಳಿ ಬಂದೀತು?"

ಲೀಸು ಜಗಳಕ್ಕೆ ನಿಲ್ಲಲಿಲ್ಲ. "ನೀವೇ ನೋಡಿ," ಎಂದಳು.

ಅವನು ಮಂಚದ ಪಕ್ಕ ಮಂಡಿಯೂರಿ ಮುತ್ತಜ್ಜನ ಗುರುತಿನ ಮೇಲೆ ಕೈಯಿಟ್ಟ. ಹಾರೆಯ ಏಟಿಗೆ ಆ ಸಂದಿಯ ಪಾಚಿ ಉದುರಿಹೋಗಿತ್ತು. ಅಲ್ಲಿಂದ ಚಳಿ ಅವನ ಬೆರಳ ನಡುವೆ ನುಗ್ಗಿ, ನಿದ್ದೆಯಲ್ಲಿದ್ದ ಮಗುವಿನ ಹಣೆಯ ಕೂದಲನ್ನು ಅಲುಗಿಸುತ್ತಿತ್ತು. ಮಿನ್ನಾ ಕಣ್ಣು ತೆರೆಯದೆಯೇ ಕೆಮ್ಮಿದಳು. ಹಿಂದ್ರೆಕ್ ಕೈಯನ್ನು ಅಲ್ಲೇ ಒತ್ತಿ ಹಿಡಿದ. ಲೀಸುವಿಗೆ ಅವನ ಮೇಲೆ ಕೋಪವಿತ್ತು, ಆದರೂ ಆ ಹೊತ್ತಿನಲ್ಲಿ ಮುದುಕನನ್ನು ನೋಡಿ ಪಾಪ ಎನಿಸಿತು.

ಕಡೆಗೆ ಅವನು ಎದ್ದು ಕರಿ ಕೋಟನ್ನು ಬಿಚ್ಚಿ ಬಾಗಿಲ ಮೊಳೆಗೆ ತೂಗುಹಾಕಿ, ತೋಳು ಮಡಿಸಿದ.

"ಪಾಚಿ ಎಲ್ಲಿಟ್ಟಿದೀಯ?"

ಅವಳು ಬುಟ್ಟಿಯನ್ನು ಅವನ ಮುಂದಕ್ಕೆ ಸರಿಸಿದಳು. ಅವನು ಹಿಡಿ ಹಿಡಿಯಾಗಿ ಪಾಚಿಯನ್ನು ಸಂದಿಗೆ ತುರುಕಿ, ಮರದ ಚಾಣದಿಂದ ಬಿಗಿಯಾಗಿ ಒತ್ತಿದ. ಆಮೇಲೆ ಬೊಗಸೆ ತುಂಬ ಮಣ್ಣು ತೆಗೆದುಕೊಂಡು ಕುಂಟೆಯ ಮೇಲೆ ಮೆತ್ತತೊಡಗಿದ. ಮೊದಲು ಕುಂಟೆಯ ಹಿಡಿ ಮುಚ್ಚಿಹೋಯಿತು, ಆಮೇಲೆ ಒಂದೊಂದೇ ಹಲ್ಲು.

"ನೀನು ಹೋಗಿ ಒಲೆ ಹಚ್ಚಮ್ಮ," ಎಂದ, ಹಿಂದೆ ತಿರುಗದೆ. "ಇದನ್ನ ನಾನು ನೋಡ್ಕೋತೀನಿ."